ಅಮ್ಮ ಉಂಡ ಮುದ್ದೆ

೨೦೨೬ ಜನವರಿ ೧೧, ಭಾನುವಾರ. ಶಿರಾ.

ಅಮ್ಮನ ಮಾತು ಇನ್ನೂ ಕೊರೆಯುತ್ತಿದೆ. ನಿಮ್ಮ ಬದುಕನ್ನೇ ಬರೆಯಿರಿ, ಕಟ್ಟುಕತೆ ಬೇಡ ಅಂತ ಲೈಬ್ರರಿಯ ಬರವಣಿಗೆ ತರಗತಿಯಲ್ಲಿ ಹೇಳಿದ್ದರು. ಅಪ್ಪ ತೀರಿಹೋದ ದಿನದ ಬಗ್ಗೆ ಬರೆದೆ. ಸಂಜೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಓದಿ ಹೇಳಿದೆ. ‘ಅಮ್ಮ ಮೂರು ದಿನ ಒಂದು ತುತ್ತೂ ಮುಟ್ಟಲಿಲ್ಲ’ ಅನ್ನುವಲ್ಲಿಗೆ ಬಂದಾಗ ಅವಳ ಕೈ ನಿಂತಿತು.

“ಯಾರೇ ಅಂಗಂದಿದ್ದು, ಭವ್ಯಾ? ಅವತ್ತು ಹೊಟ್ಟೆ ಹಸ್ದಿತ್ತು ಕಣೇ. ಪಕ್ಕದ್ಮನೆ ಜೈಬಾ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದ್ಲು. ಉಂಡ್ಬುಟ್ಟೆ.”

“ಓದಿದೋರು ಏನಂದ್ಕೋತಾರಮ್ಮ?”

“ಅಂದ್ಕೊಳ್ಲಿ ಬುಡು. ಆಸ್ಪತ್ರೇಲಿ ರಾತ್ರಿಯೆಲ್ಲಾ ಕಾದೋಳು ನಾನು, ಅವ್ರಲ್ಲ.”

ನನಗೆ ಸಿಟ್ಟೇ ಬಂತು. ಓದುವವರ ಕಣ್ಣಲ್ಲಿ ಅವಳನ್ನು ದೊಡ್ಡವಳನ್ನಾಗಿ ಮಾಡಲು ಹೊರಟಿದ್ದೆ, ಅವಳಿಗೇ ಅದು ಬೇಕಿರಲಿಲ್ಲ. ಆದರೂ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಅದನ್ನು ನೋಡಿ ಅವಳೇ ಮೆಲ್ಲಗೆ ಹೇಳಿದಳು:

“ಇನ್ನೊಂದೈತೆ, ಬರ್ಕೋ. ಮೊದಲ್ನೇ ಮುದ್ದೆ ನಿಮ್ಮಪ್ಪಂಗೆ ತೆಗೆದಿಡೋದು ನಂಗೆ ರೂಢಿ. ಅವತ್ತೂ ತೆಗೆದಿಟ್ಟೆ. ಆಮ್ಯಾಕೆ ಅದನ್ನೂ ನಾನೇ ಉಂಡೆ.”