ಮಂಡಿಗೆ ಹಚ್ಚಿದ ಎಣ್ಣೆ

೭-೭-೮೪, ಶನಿವಾರ
ಇವತ್ತು ಒಪ್ಪತ್ತು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಸುವಿನ ಹಾಲು ಕರೆದೆ. ಕೂತರೆ ಏಳಲಾಗದ ಮಂಡಿ. ಎಂದಿನಂತೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತಿಕ್ಕಿಕೊಂಡೆ. ಯಜಮಾನರ ಲೈನ್‌ಮನ್ ಕೆಲಸದ ಪುಣ್ಯ — ಹಳೇ ಟ್ರಾನ್ಸ್‌ಫಾರ್ಮರ್ ಬಿಚ್ಚಿದಾಗೆಲ್ಲ ಒಂದು ಡಬ್ಬ ತರುತ್ತಾರೆ. ಆರು ವರ್ಷದಿಂದ ಇದೇ ಔಷಧಿ. ಗುಬ್ಬಿಯ ನಮ್ಮ ಬೀದಿಗೆಲ್ಲ ಹಂಚಿದ್ದೇನೆ.

ಪಕ್ಕದ ಮನೆ ಮರಿಯಮ್ಮ ಬಂದು, “ವಾರಕ್ಕೆ ಎರಡು ಒಪ್ಪತ್ತು ಮಾಡ್ತೀಯ, ಆದ್ರೂ ಬಾಗ್ಲು ತುಂಬ್ಕೊಂಡೇ ಬರ್ತೀಯಲ್ಲೇ ರಂಗಮ್ಮ!” ಅಂದಳು. ನಕ್ಕೆ. ಬಲಗಡೆ ಪಕ್ಕೆಯ ಕೆಳಗೆ ಭಾರವಾಗಿರುವುದನ್ನು ಹೇಳಲಿಲ್ಲ.

೧೦-೭-೮೪
ತುಮಕೂರಿಗೆ ಹೋಗಿದ್ದೆವು. ಡಾಕ್ಟರ್ ಸುಬ್ಬಕೃಷ್ಣ ಹೊಟ್ಟೆ ಒತ್ತಿ ನೋಡಿದರು. ಲಿವರ್ ಊದಿದೆಯಂತೆ.

“ಏನಮ್ಮಾ, ಕುಡಿಯೋ ಅಭ್ಯಾಸ ಇದೆಯಾ?”

“ಇದೆ ಸ್ವಾಮಿ. ದಿನಕ್ಕೆ ಮೂರು ಲೋಟ ಕಾಫಿ.”

ನಕ್ಕರು. ಮಂಡಿಗೆ ಏನು ಹಚ್ಚುತ್ತೀರಿ, ಏನೋ ವಾಸನೆ ಅಂದರು. ಹೆಮ್ಮೆಯಿಂದಲೇ ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ದಪ್ಪ ಇರೋರಿಗೆ ಲಿವರ್‌ನಲ್ಲಿ ಕೊಬ್ಬು ಕೂರೋದುಂಟು. ಆದ್ರೆ ಇಂಥ ಕೆಲವು ಎಣ್ಣೆಗೆ ಕೆಟ್ಟ ಕೆಮಿಕಲ್ ಹಾಕಿರ್ತಾರೆ. ಮೈಯ ಕೊಬ್ಬಲ್ಲಿ ಸೇರ್ಕೊಂಡ್ರೆ ವರ್ಷಗಟ್ಟಲೆ ಹೋಗಲ್ಲ, ಲಿವರ್ ಕೆಡಿಸುತ್ತೆ. ನಿಮ್ಮದರಲ್ಲಿ ಇದೆಯೋ ಇಲ್ವೋ, ನೋಡೋ ಪರೀಕ್ಷೆ ಇಲ್ಲಿಲ್ಲ. ಉಪವಾಸ ಮಾಡಿದ್ರೆ ಕರಗಿದ ಕೊಬ್ಬಿನ ಜೊತೆ ಅದೂ ರಕ್ತಕ್ಕೆ ಬರುತ್ತೆ. ಎಣ್ಣೆ ಬಿಡಿ. ಸದ್ಯಕ್ಕೆ ಒಪ್ಪತ್ತೂ ಬಿಡಿ.”

ಒಪ್ಪತ್ತಿನ ಮಾತು ತಲೆಗೆ ಹೋಗಲೇ ಇಲ್ಲ. “ಬಾಣಂತಿ ಹಚ್ಚಿಕೊಂಡರೆ?” ಅಂದೆ.

“ಹಾಲಿಗೂ ಬರುತ್ತೆ ಕಣಮ್ಮಾ.”

ಕುಣಿಗಲ್ಲಿನಲ್ಲಿರುವ ಮಗಳು ಉಮಾಮಹೇಶ್ವರಿಗೆ, ಸೊಂಟನೋವಿಗೆ ಅಂತ, ಹರಳೆಣ್ಣೆ ಬೆರೆಸಿ ಒಂದು ಬಾಟಲಿ ಕಳಿಸಿದವಳು ನಾನೇ. ಕೂಸಿಗೆ ನಾಲ್ಕು ತಿಂಗಳು.

೧೧-೭-೮೪
ಕಾರ್ಡು ಬರೆಯಲು ಕೂತೆ. ಯಜಮಾನರು ಕೈ ಹಿಡಿದರು. “ಎಣ್ಣೆ ಸುದ್ದಿ ಕಾರ್ಡಲ್ಲಿ ಬರೀತೀಯೇನೇ? ಪೋಸ್ಟ್‌ಮ್ಯಾನ್ ಓದ್ತಾನೆ, ಬೀಗ್ರು ಓದ್ತಾರೆ. ಆಫೀಸಿಗೆ ಗೊತ್ತಾದ್ರೆ ನನ್ ಕೆಲ್ಸ ಹೋಯ್ತು.”

“ಎಣ್ಣೆ ಮಿತವಾಗಿ ಹಚ್ಚು” ಎಂದಷ್ಟೇ ಬರೆದೆ. ಅಂಜಿದೆ…

೨೧-೭-೮೪, ಶನಿವಾರ
ರಂಗನಾಥಸ್ವಾಮಿಗೆ ತಪ್ಪುಕಾಣಿಕೆ ಕಟ್ಟಿಟ್ಟು, ಬೆಳಿಗ್ಗೆಯೇ ಮುದ್ದೆ ಉಂಡೆ.

ಹತ್ತು ಗಂಟೆಗೆ ಮಗಳ ಕಾಗದ. “ಅಮ್ಮಾ, ನೀನು ಹೇಳಿದಂತೆ ಮಿತವಾಗಿಯೇ ಹಚ್ಚುತ್ತಿದ್ದೇನೆ. ಆದರೂ ಮುಗಿಯುತ್ತಾ ಬಂತು. ಅತ್ತೆಯೂ ಇಸಕೊಳ್ಳುತ್ತಾರೆ. ಮಗುವಿಗೂ ನೀರು ಹಾಕುವ ಮುಂಚೆ ಒಂದಿಷ್ಟು ಸವರುತ್ತೇವೆ. ಇನ್ನೊಂದು ಬಾಟಲಿ ಕಳಿಸು.”

ದೇವರೇ. ಕೂಸಿಗೂ.

ಯಜಮಾನರು ಓದಿದರು. ಡಬ್ಬ ಎತ್ತಿಕೊಂಡು ಹಿತ್ತಲಿಗೆ ಹೋದರು. ಎಲ್ಲಿ ಸುರಿಯಬೇಕೋ ತಿಳಿಯದೆ ಹಾಗೇ ನಿಂತಿದ್ದಾರೆ.

ಅದೇ ದಿನ, ಹನ್ನೊಂದೂವರೆ
ಎಲ್ಲ ಬರೆದೆ. ಎಣ್ಣೆ ಎಲ್ಲಿಯದು, ಯಾರು ತಂದದ್ದು, ಡಾಕ್ಟರು ಹೇಳಿದ್ದು. ಬೀಗರು ಓದಲಿ. ಕೆಲಸ ಹೋದರೆ ಹೋಗಲಿ. ಎದುರು ಮನೆಯ ಕಂಡಕ್ಟರ್ ಶಿವರಾಮಯ್ಯ ಕುಣಿಗಲ್ ಬಸ್ಸಿಗೆ ಹೊರಟು, ಬಾಗಿಲಲ್ಲೇ ಕಾಯುತ್ತಿದ್ದಾನೆ. ಅವನಿಗೆ ಹೇಳಬೇಕು — ಕಾಗದ ಅವಳ ಕೈಲೇ ಕೊಡಪ್ಪ, ಓದೋವರ್ಗೂ ಅಲ್ಲೇ ನಿಂತ್ಕೊ, ಉತ್ತರ ಬರೆಸ್ಕೊಂಡೇ ಬಾ, ಆ ಬಾಟ್ಲಿನೂ ಇಸ್ಕೊಂಡ್ ಬಾ ಅಂತ.