ಛತ್ರಿ ಅರಿವಿಯ ಹೊಲ

ಜೋರಾಪುರ ಪೇಟೆ, ವಿಜಯಪುರ
೧೮ ನವೆಂಬರ್ ೨೦೨೪, ಸೋಮವಾರ

ಮಗಳಂಥಾ ಸೊಸಿ ಸೌಭಾಗ್ಯಗ,

ನಿನ್ನ ಅತ್ತಿಯ ಆಶೀರ್ವಾದ. ಬಬಲೇಶ್ವರದಾಗ ನಿಮ್ಮವ್ವನ ಮೊಣಕಾಲು ನೋವು ಹೆಂಗೈತಿ? ನಿನಗ ಊಟ ಸೇರತೈತೇನು? ಇಲ್ಲಿದ್ದಾಗ ಚಿತ್ರದ ಅಂಟು ಒಣಗೂತನ ರೊಟ್ಟಿ ಮುಟ್ಟತಿರಲಿಲ್ಲ, ಅಲ್ಲಿ ಹಂಗ ಮಾಡಬ್ಯಾಡ. ನಾ ಆರಾಮ ಅದೀನಿ. ನೀ ಫೋನ್ ಎತ್ತವಲ್ಲಿ ಅಂತ ನಿನ್ನ ಗಂಡ ಸಂಗು ಕಾಗದ ಬರಿ ಅಂದಾನ. ಇಲ್ಲೇ ಬಾಜೂಕ ಕುಂತಾನ. ನಮ್ಮ ಓಣಿ ಮಾಶಾಬಿ ನಾಳೆ ಬಳಿ ಮಾರಾಕ ನಿಮ್ಮೂರಿಗೆ ಬರ್ತಾಳ, ಆಕಿ ಕೈಯಾಗ ಕಳಸ್ತೀನಿ.

ದೀಪಾವಳಿಗೆ ಬಂದ ಬೀಗರು ಗ್ವಾಡಿ ತುಂಬ ನೀ ಅರಿವಿ ಚೂರು ಅಂಟಿಸಿ ಮಾಡಿದ ಚಿತ್ರ ನೋಡಿ, ‘ಮನ್ಯಾಗ ಚಿಂದಿ ಆರಿಸೂ ಕೆಲಸ ಹಚ್ಚೀರೇನು’ ಅಂತ ನಕ್ಕದ್ದು ಸಂಗೂನ ಮನಸ್ಸಿಗೆ ನಟ್ಟಿತ್ತು. ಸಿಟ್ಟಿನ ಭರದಾಗ ಎಲ್ಲಾ ಕಸದ ಗಾಡಿಗೆ ಹಾಕಿಬಿಟ್ಟ. ತೀರಿಹೋದ ನಿಮ್ಮ ಮಾವನ ಛತ್ರಿ ಅರಿವಿ ಹರದು ಕರಿ ಮಣ್ಣಿನ ಎರಿ ಹೊಲ ಮಾಡಿದ್ದಿ, ನನ್ನ ಇಳಕಲ್ಲ ಸೀರಿ ಅಂಚಿನ ಎಳಿ ಬಿಡಿಸಿ ಜ್ವಾಳದ ತೆನಿ ಹಚ್ಚಿದ್ದಿ. ತುಕ್ಕು ಹಿಡದ ಕೀಲಿ, ಸೈಕಲ್ ಚೈನು, ಒಡದ ಬಳಿ, ಯಾವದನ್ನೂ ನೀ ಒಗೀಲಿಲ್ಲ. ಅದರ ಮುಂದ ನಿಂತರ ಟಿಕೋಟಾದಾಗ ನನ್ನ ತವರಿನ ಹೊಲದ ಬದುವಿನ ಮ್ಯಾಲೆ ನಿಂತಂಗ ಆಗ್ತಿತ್ತು. ಇರಲಿ, ಹೋತು.

ಸುದ್ದಿ ಅಂದ್ರ, ಅಥಣಿ ರಸ್ತೇದಾಗ ಹೋಟೆಲ್ ಕಟ್ಟಾಕತ್ತಾರಲ್ಲ, ಅದರ ಮಾಲಕರು ಅಜಿತ ಅನ್ನಾವ್ರು ಬಂದಿದ್ರು. ನಿನ್ನ ಗೆಳತಿ ಐಶ್ವರ್ಯಾನ ಫೋನಿನಾಗ ನಿನ್ನ ಚಿತ್ರದ ಫೋಟೋ ನೋಡ್ಯಾರಂತ. ಒಂದೊಂದು ಖೋಲಿಗೂ ಇಂಥಾದ್ದು ಬೇಕು ಅಂದ್ರು. ಆವತ್ತಿಂದ ಸಂಗು ಬದಲಾಗ್ಯಾನ. ಮಾಳಿಗಿ ಖೋಲಿ ಖಾಲಿ ಮಾಡಿ ನಿನಗಂತ ದೊಡ್ಡ ಟೇಬಲ್ ಹಾಕ್ಯಾನ. ಸ್ಟೇಷನ್ ರಸ್ತೇದ ಟೇಲರ್ ಅಂಗಡಿಯಿಂದ ಚೀಲ ತುಂಬ ಅರಿವಿ ತುಣಕು ತಂದಿಟ್ಟಾನ. ಇನ್ನ ಆಕಿಗೆ ಯಾರೂ ಏನೂ ಅನ್ನಂಗಿಲ್ಲ ಅಂತಾನ. ಗಂಡ ಹೆಂಡತಿ ನಡುವ ಸಿಟ್ಟು ಬರ್ತೈತಿ, ಹೋಗ್ತೈತಿ. ಈ ವಾರದಾಗ ಬಂದುಬಿಡು.

ನಿಮ್ಮಪ್ಪಗ, ನಿಮ್ಮವ್ವಗ ನನ್ನ ಶರಣು ಹೇಳು. ನಿನ್ನ ಹೊಟ್ಟಿ ತಣ್ಣಗಿರಲಿ.

ನಿನ್ನ ಅತ್ತಿ,
ರೇಣುಕವ್ವ

ತಾ.ಕ.: ಸಂಗು ಲಕೋಟಿ ತರಾಕ ಹೋಗ್ಯಾನ. ಇದನ್ನ ಬ್ಯಾರೆ ಹಾಳ್ಯಾಗ ಬರದು ಮಾಶಾಬಿಗೆ ಗುಟ್ಟಾಗಿ ಕೊಡ್ತೀನಿ. ಆ ಕಾಗದ ಅವ ಹೇಳಿ ಬರಸಿದ್ದು. ಅಜಿತ ಅವರು ನಿನ್ನ ಕೂಡ ಮಾತಾಡಬೇಕು ಅಂದಾಗ, ‘ಆಕೀನೇನು ಕೇಳ್ತೀರಿ, ನಾ ಹೇಳಿದಷ್ಟು ಮಾಡ್ತಾಳ’ ಅಂದ. ಮಾಳಿಗಿ ಖೋಲಿ ಬಾಗಲಕ್ಕ ಹೊರಗಿಂದ ಚಿಲಕ ಹಚ್ಚಸ್ಯಾನ. ಆವತ್ತು ಚಿತ್ರ ಕಸಗೊಳ್ಳುವಾಗ ನಿನ್ನ ಕೈ ತಿರುವಿದ್ದರ ಬಗ್ಗೆ ಇವತ್ತಿನತನ ಒಂದು ಮಾತು ತಗದಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ, ಹಿಂಗ ಬರಿಯಾಕ ಸಂಕಟ ಆಗ್ತೈತಿ. ಅಜಿತ ಅವರ ನಂಬರ್ ಐಶ್ವರ್ಯಾನ ಕಡೆ ಐತಿ. ನೀನ ಮಾತಾಡು, ಅಲ್ಲೇ ಕುಂತು ಮಾಡು. ನಾಳೆ ಇವ ನನ್ನ ಕರಕೊಂಡು ನಿಮ್ಮ ಬಾಗಲಿಗೆ ಬಂದ್ರ, ನಾನ ಬಾಯಿ ಬಿಟ್ಟು ಬಾ ಅಂದ್ರೂ ಬರಬ್ಯಾಡ.