ನಮ್ಮ ಮದುವಿ ಕ್ಯಾಸೆಟ್

ಮಚ್ಛೇಂದ್ರ,

ಬಾವಿ ಬತ್ತೇದ. ನಿಮ್ಮ ವೈನಿ, ನಾ ಇಬ್ಬರೂ ಕೆಲಸಕ್ಕ ಹೈದರಾಬಾದಿಗಿ ಹೊಂಟೀವಿ. ನೀ ಮಲಗಿದ್ದಿ, ಎಬ್ಬಿಸಲಿಲ್ಲ.

ರೊಟ್ಟಿ ಬುಟ್ಟ್ಯಾಗ ಅವ. ಕೊಡದಾಗಿನ ನೀರು ಕುಡ್ಯಾಕಷ್ಟೇ, ಕಾಲು ತೊಳೀಬ್ಯಾಡ.

ಮದುವಿ ಕ್ಯಾಸೆಟ್ ಪೆಟ್ಟಿಗ್ಯಾಗ ಅದ. ಅದರ ಮ್ಯಾಲ ಯಾರೂ ರೆಕಾರ್ಡ್ ಮಾಡಬಾರದಂತ ಹಿಂದಿನ ಪ್ಲಾಸ್ಟಿಕ್ ತುಂಡು ಮುರಿಸಿದ್ದೆ. ಆ ತೂತಿಗಿ ಅಂಟುಪಟ್ಟಿ ಹಚ್ಚಿ ಟೀವಿ ಸಿನಿಮಾ ತುಂಬಿದೆಲ್ಲೋ! ತೀರಿಹೋದ ಅವ್ವನ ಮಾರಿ ಅದರಾಗ ಬಿಟ್ಟರ ಎಲ್ಲಿತ್ತು? ಆ ಸಿಟ್ಟಿಗೇ ನಿನ್ನ ಸಂಗಡ ಮಾತು ಬಿಟ್ಟಿದ್ದೆ.

ಪಟ್ಟಿ ಕಿತ್ತೀನಿ, ಮತ್ತ ಹಚ್ಚಬ್ಯಾಡ.

ಭಾಲ್ಕಿಯಿಂದ ವಿಸಿಆರ್ ಬಾಡಿಗಿ ತಂದರ, ಸಿನಿಮಾ ಮುಗಿದ ಕೂಡ್ಲೇ ಬಂದ್ ಮಾಡಬ್ಯಾಡ. ಕೂತಿರು. ಕ್ಯಾಸೆಟ್ಟಿನ ಕೊನಿಗಿ ಮದುವಿ ಊಟದ್ದು ಸ್ವಲ್ಪ ಅಳಿಸದ ಉಳದದ. ಅವ್ವ ಎಲ್ಲರಿಗೂ ಬಡಿಸಿ, ನಮ್ಮ ಕಡಿ ತಿರುಗಿ ಕೇಳ್ತಾಳ: "ನಮ್ಮ ಮಚ್ಛು ಉಂಡಾನೇನು?"

ಅಣ್ಣ